ಹುಳದ ಮನೆಗೆ ನೀನಿಟ್ಟ ಕಣ್ಣು

ಓರಗಿತ್ತಿ ಅಕ್ಕನಿಗೆ,

ಒಳಗೆ ನಿನಗೆ ಎಡೆ ಇಟ್ಟು, ಬಾಗಿಲು ಮುಂದಕ್ಕೆ ಎಳೆದು, ನಾವೆಲ್ಲ ಜಗಲಿ ಮೇಲೆ ಕೂತಿದ್ದೇವೆ. ನೀನು ಹೋದ ಮೇಲೆ ಬಂದ ಮೊದಲನೇ ಪಿತೃಪಕ್ಷ. ಹೊಸ ಸೀರೆ ಇಟ್ಟಿದ್ದಾರೆ, ಕಡಲೆಬೇಳೆ ಪಾಯಸ ಇಟ್ಟಿದ್ದಾರೆ, ನಿನಗೆ ಇಷ್ಟ ಅಂತ ಬದನೆಕಾಯಿ ಗೊಜ್ಜೂ ಇಟ್ಟಿದ್ದಾರೆ. ಈಗಷ್ಟೇ ಅತ್ತೆ ಎಲ್ಲರಿಗೂ ಹೇಳಿದರು: “ಸದ್ದು ಮಾಡ್ಬ್ಯಾಡಿ, ಅವ್ಳು ನೆಮ್ಮದಿಯಾಗಿ ಉಣ್ಲಿ.” ನನಗೆ ಮೈಯೆಲ್ಲ ಉರಿಯಿತು. ಬದುಕಿದ್ದಾಗ ತಿಂಗಳು ತಿಂಗಳೂ ನಿನ್ನನ್ನು ಹೊರಗೆ ಕೂರಿಸಿ ರೇಷ್ಮೆ ಹುಳದ ಮನೆ ಬಾಗಿಲು ಹಾಕಿಕೊಂಡವರು, ಈಗ ನಿನ್ನನ್ನು ಒಳಗೆ ಕೂರಿಸಿ ತಾವು ಹೊರಗೆ ಕೂತಿದ್ದಾರೆ. ಎದ್ದು ಹೋಗಿ ಬಾಗಿಲು ಒದೆಯೋಣ ಅನ್ನಿಸಿತು. ಅದರ ಬದಲು ನಿನ್ನ ಮಗಳು ಮಾನಸಳ ಪುಸ್ತಕದಿಂದ ಹಾಳೆ ಹರಿದುಕೊಂಡು ಬರೆಯಲು ಕೂತೆ.

ನಾನು ಈ ಮನೆಗೆ ಕಿರಿ ಸೊಸೆಯಾಗಿ ಬಂದ ಹೊಸದರಲ್ಲೇ ನೀನು ನನ್ನನ್ನು ರೇಷ್ಮೆ ಹುಳದ ಮನೆಗೆ ಕರೆದುಕೊಂಡು ಹೋದದ್ದು ನೆನಪಿದೆಯಾ? ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಬೋಗುಣಿ. “ಯಾರೇ ಆಗ್ಲಿ ಕುಸುಮ, ಕೈಕಾಲು ತೊಳೀದೆ ಒಳಕ್ಕೆ ಬರಂಗಿಲ್ಲ. ನಿನ್ ಭಾವನೂ ಅಷ್ಟೇ, ನಿನ್ ಗಂಡನೂ ಅಷ್ಟೇ,” ಅಂದೆ. ಎಷ್ಟು ನೇರವಾದ ಮಾತು. ಅದೇ ಸಂಜೆ ಅತ್ತೆ ಇನ್ನೊಂದು ಮಾತು ಸೇರಿಸಿದರು: ಮುಟ್ಟಾದ ಹೆಂಗಸು ಹುಳದ ಮನೆ ಹೊಸಿಲು ತುಳಿಯಬಾರದು, ತುಳಿದರೆ ಬೆಳೆ ಹೋಗುತ್ತದೆ. ಗಂಡಸರು ಗದ್ದೆ ಕೆಸರಿನ ಕಾಲಲ್ಲೇ ನುಗ್ಗಿದರೂ ಹುಳಕ್ಕೆ ಏನೂ ಆಗುವುದಿಲ್ಲವಂತೆ. ನಾನು ನಿನ್ನ ಮುಖ ನೋಡಿದೆ. ನೀನು ಕಣ್ಣಲ್ಲೇ ಸುಮ್ಮನಿರು ಅಂದೆ.

ಸುಮ್ಮನಿರುವ ಜಾಯಮಾನ ನಿನ್ನದಲ್ಲ ಅಂತ ಆಮೇಲೆ ಗೊತ್ತಾಯಿತು. ಬ್ಲಫ್‌ನಲ್ಲಿ, ಕರೆಂಟು ಹುಟ್ಟುವ ಊರಲ್ಲಿ ಹುಟ್ಟಿದವಳು ನೀನು. ಅಪ್ಪ ಪವರ್‌ ಹೌಸಿನ ನೌಕರ. ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ಬೆಸಗರಹಳ್ಳಿ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆ. ಒಂದು ದಿನ ಇಸ್ಪೀಟು ಎಲೆಯಷ್ಟಗಲದ ಒಂದು ಕಂಪ್ಯೂಟರ್ ತರಿಸಿದೆ. ಪೂರಾ ಕಂಪ್ಯೂಟರ್ ಆ ಒಂದು ಹಲಗೆ ಮೇಲೇ ಇದೆ ಅಂದಾಗ ನಾನು ನಂಬಲಿಲ್ಲ. ಅದಕ್ಕೊಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿ, ಮಾನಸಳ ಹಳೇ ಟಿಫನ್ ಡಬ್ಬಿಯೊಳಗೆ ಕೂರಿಸಿ, ಹುಳದ ಮನೆ ತೊಲೆಗೆ ಕಟ್ಟಿದೆ. ಒಳಗಿನ ಶಾಖ ಎಷ್ಟು, ತೇವ ಎಷ್ಟು, ಹುಳ ಏನು ಮಾಡುತ್ತಿವೆ, ಎಲ್ಲ ನಿನ್ನ ಫೋನಿಗೆ ಬರುತ್ತಿತ್ತು. “ದೊಡ್ ಸೊಸೆ ಉಳಕ್ಕೆ ಸಿಸಿಟಿವಿ ಆಕ್ಸವಳೆ,” ಅಂತ ಅತ್ತೆ ಊರೆಲ್ಲ ನಗಾಡಿಕೊಂಡು ಬಂದರು. ಯಾಕೆ ಮಾಡಿದೆ ಅಂತ ನನಗೊಬ್ಬಳಿಗೇ ಹೇಳಿದ್ದೆ. ಹೊರಗೆ ಕೂರುವ ದಿನಗಳಲ್ಲಿ ನಿನಗೆ ಹುಳದ ಚಿಂತೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಬಾಗಿಲು ಹಾಕಿದವರ ಜೊತೆ ಜಗಳ ಆಡುವ ಬದಲು ನೀನೊಂದು ಕಿಟಕಿ ಮಾಡಿಕೊಂಡೆ.

ಆಮೇಲೆ ಆ ದೊಡ್ಡ ಕಾರ್ಡು ಬಂತು. ಹಳೇ ಮೆಮೊರಿ ಕಾರ್ಡು ಚಿಕ್ಕದು, ಬೇಗ ತುಂಬುತ್ತಿತ್ತು. ಹಳೇ ಚಿತ್ರ ಅಳಿಸಿದರೇ ಹೊಸದಕ್ಕೆ ಜಾಗ. ಒಂದು ಬೆಳೆಯ ಚಿತ್ರ ಶುರುವಿನಿಂದ ಗೂಡಿನ ತನಕ ಉಳಿಯಬೇಕು ಅಂತ ನೀನು ಮಂಡ್ಯದ ಅಂಗಡಿಗೆ ಹೋಗಿ ಇನ್ನೂರೈವತ್ತಾರು ಜಿಬಿಯದು ತಂದೆ. ಹಾಕಿದರೆ ಕೆಂಪು ದೀಪ ಉರಿಯಿತು, ಪಕ್ಕದ ಹಸಿರು ದೀಪ ಮಿಟುಕಲೇ ಇಲ್ಲ. ನಾನು ಹಾಳಾಯಿತು ಅಂದುಕೊಂಡೆ. ನೀನು ನಕ್ಕೆ. “ದೊಡ್ಡ ಮನೆ ಹೆಣ್ಣು ಕಣೆ ಇದು, ನಮ್ಮನೆ ಮಾತು ತಿಳಿಯಾಕಿಲ್ಲ. ದೊಡ್ಡ ಕಾರ್ಡೆಲ್ಲ ಹೊಸ ರೀತಿ ಫಾರ್ಮ್ಯಾಟ್ ಆಗಿ ಬತ್ತವೆ. ಈ ಬಡಪಾಯಿಗೆ ಓದಕ್ಕೆ ಬರಾದು ಹಳೇ ರೀತಿ ಮಾತ್ರ.” ನಿನ್ನ ಡಿಪ್ಲೊಮಾ ಕಾಲದ ಆ ಲ್ಯಾಪ್‌ಟಾಪಿನಲ್ಲಿ ಕಾರ್ಡನ್ನು ಹಳೇ ರೀತಿಗೆ ಫಾರ್ಮ್ಯಾಟ್ ಮಾಡಿ, ಬೇಕಾದದ್ದನ್ನೆಲ್ಲ ತುಂಬಿ ಹಾಕಿದೆ. ಹಸಿರು ದೀಪ ಮಿಟುಕಿತು. ಅವತ್ತು ನಿನ್ನ ಮುಖದಲ್ಲಿದ್ದ ಖುಷಿ ಇದೆಯಲ್ಲ, ಅದನ್ನು ನೆನೆದರೆ ಆ ಅಂಗಡಿಯವನ ಕುತ್ತಿಗೆ ಪಟ್ಟಿ ಹಿಡಿಯಬೇಕು ಅನ್ನಿಸುತ್ತದೆ. ಇರು, ಅದಕ್ಕೂ ಬರುತ್ತೇನೆ.

ಆ ಕೆಟ್ಟ ಬೆಳಿಗ್ಗೆ ನೀನು ಕೊಟ್ಟಿಗೆ ಚಾವಣಿ ಕೆಳಗೆ ಚಾಪೆ ಹಾಕಿಕೊಂಡು ಕೂತಿದ್ದೆ, ಹೊರಗಾಗಿದ್ದೆ. ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ಇನ್ನೇನು ಗೂಡು ಕಟ್ಟಬೇಕು ಅನ್ನುವ ಹೊತ್ತು. ಫೋನು ನೋಡುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕೂಗಿದೆ: “ಕುಸುಮ, ಓಡೋಗಿ ನೋಡೆ, ಹುಳ ತಲೆ ಎತ್ತಿ ಒದ್ದಾಡ್ತಾವೆ, ಹಸ್ರು ಕಕ್ತಾವೆ. ಸೊಪ್ಪಲ್ಲಿ ಔಷಧಿ ಐತೆ. ಹಾಕಿರೋ ಸೊಪ್ಪೆಲ್ಲ ತೆಗೀರಿ.” ನಾವು ಓಡಿದೆವು. ಅಷ್ಟರಲ್ಲಿ ತಡವಾಗಿತ್ತು. ಸಾಯಂಕಾಲದ ಹೊತ್ತಿಗೆ ತಟ್ಟೆ ತಟ್ಟೆ ಹುಳವೂ ಸತ್ತು ಮೆತ್ತಗಾಗಿತ್ತು. ಹಿಂದಿನ ದಿನ ಪಕ್ಕದ ಟೊಮ್ಯಾಟೊ ಹೊಲಕ್ಕೆ ಔಷಧಿ ಹೊಡೆದಿದ್ದರು. ಅದರ ಬದುವಿನ ಸಾಲಿನ ಸೊಪ್ಪನ್ನು ಕೊಯ್ದು ತಂದವರು ಯಾರು? ನಿನ್ನ ಮೈದುನ. ನನ್ನ ಗಂಡ. ಇದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಅವರಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಆದರೆ ಅತ್ತೆ ಕೇಳಿದ್ದು ನಿನ್ನನ್ನು. “ಒಳಕ್ಕೆ ಓಗ್ದೆ ನಿಂಗೆ ಎಂಗೆ ಗೊತ್ತಾಯ್ತು? ಪೋನಲ್ಲಿ ಉಳದ್ ಬಾಯಿ ಅಸ್ರು ಕಾಣ್ತದಾ?” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹುಳ ಸಾಯುತ್ತಿವೆ ಅಂತ ಮೊದಲು ಕಂಡವಳೇ ಕೊಂದವಳಾದಳು. ನೀನು ಅಳಲಿಲ್ಲ. ಡಬ್ಬಿ ಇಳಿಸಿ ತಾ ಅಂತ ನನಗೆ ಹೇಳಿದೆ. ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಹಾಕಿ, ಭಾವ, ಅತ್ತೆ, ನನ್ನ ಗಂಡ ಎಲ್ಲರನ್ನೂ ಕರೆದು, ನೀನು ಒಳಗೆ ಕಾಲಿಟ್ಟಿಲ್ಲ ಅಂತ ತೋರಿಸಲು ಕೂತೆ. ಬೆಳೆ ಶುರುವಿನ ಚಿತ್ರಗಳು ಒಂದೊಂದಾಗಿ ತೆರೆದುಕೊಂಡವು. ಹುಳ ದಪ್ಪಗಾಗುತ್ತಾ ಬಂದವು. ಆಮೇಲೆ ಒಂದು ಕಡೆಯಿಂದ ಏನೂ ಇಲ್ಲ. ಹೆಸರಿದೆ, ತಾರೀಕಿದೆ, ಒತ್ತಿದರೆ ಬರೀ ಬೂದು ಬಣ್ಣ. ನಿನಗೆ ಬೇಕಾಗಿದ್ದ ದಿನಗಳೆಲ್ಲ ಆ ಬೂದಿಯಲ್ಲೇ ಹೋಗಿದ್ದವು. “ನೋಡ್ದ್ರಾ, ಆ ದಿನದ್ದು ಮಾತ್ರ ಇಲ್ಲ. ಅಳಿಸ್ಬುಟ್ಟವಳೆ,” ಅಂದರು ಅತ್ತೆ. ನೀನು ಮತ್ತೆ ಮತ್ತೆ ಒತ್ತುತ್ತಲೇ ಇದ್ದೆ. ಭಾವ ನೆಲ ನೋಡುತ್ತಾ ನಿಂತಿದ್ದರು. ಅವರ ತಮ್ಮ ಸೊಪ್ಪಿನ ಮಾತು ಎತ್ತಲೇ ಇಲ್ಲ. ನಾನು ಎತ್ತಿದರೆ, “ನೀನ್ ಸುಮ್ನಿರೇ,” ಅಂದರು. ಇಬ್ಬರು ಗಂಡು ಮಕ್ಕಳ ಬಾಯಲ್ಲಿ ಒಂದು ಮಾತು ಬಂದಿದ್ದರೆ ಸಾಕಾಗಿತ್ತು, ಅಲ್ಲವಾ?

ಅವತ್ತಿನಿಂದ ನೀನು ಆ ಡಬ್ಬಿ ಮುಟ್ಟಲಿಲ್ಲ. “ನಾನೇ ಎಲ್ಲೋ ತಪ್ ಮಾಡಿವ್ನಿ ಕುಸುಮ, ಫಾರ್ಮ್ಯಾಟ್ ಮಾಡುವಾಗ,” ಅಂತ ಒಂದು ಸಲ ಅಂದೆ. ಎಲ್ಲರೂ ನಿನ್ನ ಮೇಲೆ ತಪ್ಪು ಹೊರಿಸಿದ್ದು ಸಾಲದು ಅಂತ ನೀನೂ ಹೊರಿಸಿಕೊಂಡೆ. ಮಳೆಗಾಲದಲ್ಲಿ ಡೆಂಗಿ ಜ್ವರ ಬಂತು. ಮದ್ದೂರಿನಲ್ಲಿ ತೋರಿಸಿ, ಮಂಡ್ಯದ ಆಸ್ಪತ್ರೆಗೆ ಸೇರಿಸಿ, ರಕ್ತಕ್ಕೆ ಓಡಾಡುವಷ್ಟರಲ್ಲಿ... ಹಾಲು ತುಪ್ಪ ಬಿಡುವ ದಿನ ನೆಂಟರ ಪೈಕಿ ಒಬ್ಬಾಕೆ ನನ್ನ ಕಿವಿಗೆ ಬೀಳುವ ಹಾಗೇ ಅಂದಳು, “ಉಳದ ಶಾಪ ಕಣವ್ವ, ಬುಡ್ತದಾ?” ಊರೆಲ್ಲ ಕಚ್ಚಿದ ಸೊಳ್ಳೆಗೂ ಈ ಮನೆಯ ಹುಳಕ್ಕೂ ಯಾವ ನೆಂಟಸ್ತನ? ಕೇಳಿದೆ. ಬಾಯಿ ಜೋರು ಅನ್ನಿಸಿಕೊಂಡೆ. ಅನ್ನಿಸಿಕೊಂಡರೆ ಏನೀಗ?

ಈಗ ನಿನಗೆ ತಿಳಿಯದೇ ಹೋದ ಸುದ್ದಿ ಹೇಳುತ್ತೇನೆ. ನೀನು ಹೋದ ಮೇಲೆ ಆ ಕಾರ್ಡನ್ನು ನಾನು ತೆಗೆದೆ. ತೆರೆಯುವ ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ನೀನು ಕಲಿಸಿದ ಹಾಗೇ ಫಾರ್ಮ್ಯಾಟ್ ಮಾಡಿ, ಸಿಕ್ಕಿದ ಸಿನಿಮಾಗಳನ್ನೆಲ್ಲ ಅದಕ್ಕೆ ತುಂಬಿದೆ. ಮೊದಲಿನವು ಓಡಿದವು. ಆಮೇಲಿನವು ಅದೇ ಬೂದು. ಕಾರ್ಡನ್ನು ತುಂಬಿಸಿ, ತುಂಬಿಸಿದ್ದನ್ನು ವಾಪಸ್ ಓದಿ ತಾಳೆ ನೋಡುವ ಒಂದು ಪ್ರೋಗ್ರಾಂ ಸಿಕ್ಕಿತು. ಅದನ್ನು ಓಡಿಸಿದೆ. ಅಕ್ಕಾ, ಅದು ನಕಲಿ ಕಾರ್ಡು. ಮೇಲೆ ಇನ್ನೂರೈವತ್ತಾರು ಅಂತ ಬರೆದಿದೆ, ಒಳಗಿರುವುದು ಮೂವತ್ತೆರಡು. ಕಂಪ್ಯೂಟರಿಗೂ ಇನ್ನೂರೈವತ್ತಾರು ಅಂತಲೇ ಸುಳ್ಳು ಹೇಳುತ್ತದೆ. ಮೂವತ್ತೆರಡು ತುಂಬಿದ ಮೇಲೆ ಕೊಟ್ಟದ್ದಕ್ಕೆಲ್ಲ ತಲೆಯಾಡಿಸಿ ಹೆಸರು ಬರೆದುಕೊಳ್ಳುತ್ತದೆ, ಒಳಗೆ ಏನೂ ಇಟ್ಟುಕೊಳ್ಳುವುದಿಲ್ಲ. ಮೇಲೆ ಥಳಕು, ಒಳಗೆ ಹುಳುಕು. ನಿನ್ನ ಫಾರ್ಮ್ಯಾಟ್ ಸರಿಯಾಗಿಯೇ ಇತ್ತು. ನೀನು ಯಾವ ತಪ್ಪೂ ಮಾಡಿರಲಿಲ್ಲ.

ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ ಆ ಅಂಗಡಿಯವನ ಮುಂದೆ ಕಾರ್ಡಿಟ್ಟೆ. “ಪ್ಯಾಕೆಟ್ ಮ್ಯಾಲೆ ಏನ್ ಬರ್ದೈತೋ ಅದನ್ನೇ ಕೊಟ್ಟಿವ್ನಿ ಕಣಮ್ಮ. ಒಳ್ಗಡೆ ಏನೈತೆ ಅಂತ ನಾನ್ ನೋಡಕಾಯ್ತದಾ?” ಅಂದ. ನಾನು ಅಲ್ಲಿಂದ ಕದಲಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಇದು ನಕಲಿ ಅಂತ ಜೋರಾಗಿ ಹೇಳುತ್ತಾ ನಿಂತೆ. ಕೊನೆಗೆ ಬಿಲ್ಲಿರುವ ಅಸಲಿ ಕಾರ್ಡೊಂದನ್ನು ಕೈಗಿಟ್ಟು, “ತಾಯಿ, ಹೊರಡಮ್ಮ,” ಅಂದ. ದೊಡ್ಡದು ಬೇಡ, ಚಿಕ್ಕದೇ ಕೊಡು, ಸಾಕು, ಅಂತ ಇಸಿದುಕೊಂಡು ಬಂದೆ.

ಗೆದ್ದವಳ ಹಾಗೆ ಮನೆಗೆ ಬಂದು ಅತ್ತೆಯ ಮುಂದೆ ಎಲ್ಲ ಬಿಡಿಸಿ ಹೇಳಿದೆ. ಅಕ್ಕ ಅಳಿಸಿಲ್ಲ, ಕಾರ್ಡೇ ಕಳ್ಳ. ಅವರು ಸೊಪ್ಪು ಸೋಸುತ್ತಾ ಕೇಳಿದರು. “ಸರಿ ಬುಡು, ಅಳಿಸಿಲ್ಲ ಅಂತಾಯ್ತು. ಒಳಕ್ಕೆ ಓಗಿಲ್ಲ ಅಂತ ಏನ್ ಗ್ಯಾರಂಟಿ?”

ಆಗ ನನಗೆ ಬುದ್ಧಿ ಬಂತು. ಚಿತ್ರಗಳೆಲ್ಲ ಉಳಿದಿದ್ದರೂ ಇದೇ ಆಗುತ್ತಿತ್ತು. ನೆರಳು ಬಿತ್ತು ಅನ್ನುತ್ತಿದ್ದರು, ಗಾಳಿ ಸೋಕಿತು ಅನ್ನುತ್ತಿದ್ದರು. ನಾವು ಯಾಕೆ ಸಾಕ್ಷಿ ಹುಡುಕುತ್ತಾ ಕೂತೆವು? ನೀನು ಒಳಗೆ ಹೋಗಿದ್ದರೆ ತಾನೇ ಏನು? ನೀನು ಹೋಗಿದ್ದಿದ್ದರೆ, ತಂದ ಸೊಪ್ಪನ್ನು ಮೂಸಿ ನೋಡಿ ಹೊರಗೆ ಎಸೆದಿರುತ್ತಿದ್ದೆ. ಹುಳ ಬದುಕುತ್ತಿದ್ದವು. ನಿನ್ನನ್ನು ಹೊರಗಿಟ್ಟದ್ದಕ್ಕೇ ಬೆಳೆ ಹೋಯಿತು. ಇದನ್ನು ಅತ್ತೆಗೆ ಹೀಗೇ ಹೇಳಿದೆ, ಭಾವನ ಎದುರಿಗೆ, ನನ್ನ ಗಂಡನ ಎದುರಿಗೆ. ಬದುವಿನ ಸಾಲಿನ ಸೊಪ್ಪು ಯಾರು ತಂದದ್ದು ಅಂತಲೂ ಹೇಳಿದೆ. ನಿನ್ನ ಮೈದುನ ಈ ಸಲ ಸುಮ್ಮನಿರು ಅನ್ನಲಿಲ್ಲ. ಎದ್ದು ಹೊರಗೆ ಹೋದರು.

ಮುಂದಿನ ಬೆಳೆಗೆ ನಾನು ಹೊರಗೆ ಕೂರಲಿಲ್ಲ. ಕದ್ದು ಹೋಗಲಿಲ್ಲ, ಹೇಳಿಯೇ ಹೋದೆ. “ಅತ್ತೆ, ಇವತ್ತು ಮುಟ್ಟಾಗಿವ್ನಿ, ಸೊಪ್ಪು ಹಾಕಕ್ ಹೋಯ್ತಾ ಇವ್ನಿ.” ಆ ಬೆಳೆ ಮುಗಿಯುವ ತನಕ ಅವರು ನನ್ನ ಜೊತೆ ಮಾತಾಡಲಿಲ್ಲ. ಗೂಡು ಚೆನ್ನಾಗಿ ಬಂತು. ಅದನ್ನು ಸಾಕ್ಷಿ ಅಂತ ಹೇಳುತ್ತಿಲ್ಲ. ನಾಳೆ ಬಿಸಿಲು ಜಾಸ್ತಿಯಾಗಿ ಬೆಳೆ ಹೋದರೂ ನಾನು ಹೋಗುವುದು ಹೋಗುವುದೇ. ನಿನ್ನ ಡಬ್ಬಿ ಈಗಲೂ ತೊಲೆ ಮೇಲಿದೆ. ಕ್ಯಾಮೆರಾ ತೆಗೆದಿಟ್ಟಿದ್ದೇನೆ. ಆ ಚಿಕ್ಕ ಕಾರ್ಡಿನಲ್ಲೇ ಶಾಖ, ತೇವ ನೋಡಿಕೊಂಡಿದೆ. ಹುಳ ನೋಡಲು ನಾವೇ ಒಳಗಿದ್ದೇವಲ್ಲ, ಕಣ್ಣು ಯಾಕೆ ಬೇಕು?

ಇನ್ನೊಂದು ಸುದ್ದಿ. ಮೊದಲು ಹೇಳಬೇಕಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನಿನ್ನ ಮಗಳು ದೊಡ್ಡವಳಾದಳು. ಬ್ಲಫ್‌ನಿಂದ ನಿನ್ನ ತಮ್ಮ ಬಂದು ಹಸಿರು ಸೊಪ್ಪಿನ ಗುಡ್ಲು ಹಾಕಿಕೊಟ್ಟ. ಆರತಿ ಮಾಡುವಾಗ ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು, ನೀನು ಬರುವವಳ ಹಾಗೆ. ಅದು ಹೋದ ತಿಂಗಳು. ಈ ವಾರ ಮತ್ತೆ ಹೊರಗಾಗಿದ್ದಾಳೆ. ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿವೆ, ಎಷ್ಟು ಹಾಕಿದರೂ ಸಾಲದು ಅನ್ನುವ ಹಸಿವು. ಇವತ್ತು ಬೆಳಿಗ್ಗೆ, ನಿನ್ನ ಎಡೆಗೆ ಅಡಿಗೆ ನಡೆದಿರುವಾಗ, ಅವಳು ಯಾರನ್ನೂ ಕೇಳದೆ ಸೊಪ್ಪಿನ ಹೊರೆ ಹೊತ್ತುಕೊಂಡು ಹುಳದ ಮನೆ ಕಡೆ ನಡೆದಳು. ಅತ್ತೆ ಒಲೆ ಬಿಟ್ಟು ಎದ್ದರು. ನಾನು ಸೌಟು ಹಿಡಿದುಕೊಂಡೇ ಹಿಂದೆ ಓಡಿದೆ. ಇವತ್ತು ಏನಾದರೂ ಅಂದರೆ ಈ ಮನೆಯಲ್ಲಿ ಎಡೆಯೂ ಇಲ್ಲ, ಗಿಡೆಯೂ ಇಲ್ಲ ಅಂತ ಬಾಯಿಗೆ ಬಂದಿತ್ತು.

ಅತ್ತೆ ಬಾಗಿಲಲ್ಲಿ ನಿಂತು ಮೊಮ್ಮಗಳನ್ನೇ ನೋಡಿದರು. ಆಮೇಲೆ ಆ ಬೋಗುಣಿಯನ್ನು ಕಾಲಿಂದ ಅವಳ ಮುಂದಕ್ಕೆ ತಳ್ಳಿ, “ಕೈ ತೊಳ್ಕಂಡು ಒಳಕ್ಕೋಗು ಮಗಾ,” ಅಂದರು.

ಅಷ್ಟೇ ಮಾತು ಅಕ್ಕ. ಅಷ್ಟನ್ನೇ ನಿನಗೂ ಹೇಳಬಹುದಿತ್ತು. ನನ್ನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವುದೂ ಇಲ್ಲ. ಈಗ ಅತ್ತೆ ಕೆಮ್ಮಿ ಸದ್ದು ಮಾಡುತ್ತಿದ್ದಾರೆ, ನಿನ್ನ ಊಟ ಮುಗಿದಿರಬೇಕು ಅಂತ. ಬಾಗಿಲು ತೆಗೆಯುವವಳು ನಾನೇ. ಮಾನಸ ನನ್ನ ಪಕ್ಕದಲ್ಲೇ ನಿಂತಿದ್ದಾಳೆ, ಅವಳ ಕೈಯಲ್ಲಿ ಇನ್ನೂ ಬ್ಲೀಚಿಂಗ್ ಪುಡಿಯ ವಾಸನೆ.

ನಿನ್ನ
ಕುಸುಮ