ಅತ್ತೆಗೆ ತಿರುಗದ ಹ್ಯಾಂಡಲ್

ಮಾವಾ,

ನಿನ್ನ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ಯಾರು ಹೇಳಿದ್ದು?

ನಾನು ಒಂಬತ್ತನೇ ಕ್ಲಾಸು ಬಿಟ್ಟು ನಿನ್ನ ವೆಲ್ಡಿಂಗ್ ಶೆಡ್ಡಿಗೆ ಬಂದ ವರ್ಷವೇ ನೀನು ಆ ಗಾಡಿ ಕಟ್ಟಿದೆ. ಹಳೇ ಟಿಲ್ಲರ್ ಎಂಜಿನ್, ತೀರ್ಥಹಳ್ಳಿ ಗುಜರಿಯ ಜೀಪ್ ಗೇರ್‌ಬಾಕ್ಸು, ಹಿಂದೆ ಹಲಗೆ. ಬ್ಯಾಟರಿ ಇಲ್ಲ, ವೈರಿಲ್ಲ. ಹ್ಯಾಂಡಲ್ ತಿರುಗಿಸಿದರೆ ಸ್ಟಾರ್ಟು. ಕೆಟ್ಟರೆ ಯಾರು ಬೇಕಾದರೂ ರಿಪೇರಿ ಮಾಡಿಕೊಳ್ಳುವಂತಿರಬೇಕು, ಇದು ಎಲ್ಲರ ಗಾಡಿ ಅಂದಿದ್ದೆ. ಕಾರು ಬಾರದ ನಮ್ಮ ಕೇರಿಯಿಂದ ಹಾಲು, ರೇಷನ್, ಕಾಯಿಲೆಯವರು, ಎಲ್ಲ ಅದರಲ್ಲೇ ಹೋದರು.

ನೀನು ಹೋದ ಮೇಲೆ ಒಂದು ದಿನ, ಹೊಸನಗರದ ಕೆಲಸ ಮುಗಿಸಿ ಬಂದರೆ, ಅಂಗಳದಲ್ಲಿ ಗುಜರಿಯವನು ಗಾಡಿಯ ಸುತ್ತ ತಿರುಗುತ್ತಿದ್ದ. ನನಗೆ ತಲೆ ಕೆಟ್ಟಿತು. ಗಂಡ ಮಾಡಿದ್ದನ್ನು ತೂಕಕ್ಕೆ ಹಾಕುತ್ತೀಯಾ ಅಂತ ಅತ್ತೆಗೆ ಬಾಯಿಗೆ ಬಂದ ಹಾಗೆ ಬೈದೆ. ಅವಳು ಅಳಲಿಲ್ಲ. ಹ್ಯಾಂಡಲ್ ತೋರಿಸಿದಳು.

"ನೀನಿಲ್ದಾಗ ಇದನ್ನ ತಿರುಗ್ಸೋರು ಯಾರು ಮಾರಾಯ? ಮೊನ್ನೆ ಪಕ್ಕದ್ಮನೆ ಹುಡುಗಿಗೆ ಜ್ವರ ಏರ್ತು. ನಾವು ಹೆಂಗಸ್ರು ಕೈ ಸುಲಿಯೋವರೆಗೂ ತಿರುಗ್ಸಿದ್ವಿ. ಕೊನೆಗೆ ಹೊತ್ಕೊಂಡೇ ಹೋದ್ವಿ. ಹುಡುಗಿ ಉಳ್ಕೊಂಡ್ಲು, ಪುಣ್ಯ. ಗಾಡಿ ಇಲ್ಲೇ ನಿಂತು ನೋಡ್ತಿತ್ತು."

ಎಲ್ಲರ ಗಾಡಿ ಅಂದೆಯಲ್ಲ ಮಾವ. ಎಲ್ಲರೂ ಅಂದರೆ ಯಾರು? ನಿನ್ನ ತೋಳು, ನನ್ನ ತೋಳು, ಅಷ್ಟೇನಾ? ಗಂಡಸರು ಕೆಲಸಕ್ಕೆ ಹೋದ ಮೇಲೆ ಕೇರಿಯಲ್ಲಿ ಉಳಿಯುವವರು ಯಾರು ಅಂತ ಒಂದು ಸಲವಾದರೂ...

ಅವತ್ತು ಗುಜರಿಯವನನ್ನು ಓಡಿಸಿ, ಬ್ಯಾಟರಿ ಹಾಕಿಸೋಣ, ಸೆಲ್ಫ್ ಸ್ಟಾರ್ಟರ್ ಕೂರಿಸೋಣ ಅಂದೆ. ಅದು ಕೆಟ್ಟರೆ ತೀರ್ಥಹಳ್ಳಿಗೆ ಓಡುವವರು ಯಾರು ಅಂದಳು, ಥೇಟ್ ನಿನ್ನ ಹಾಗೆ. ಆಮೇಲೆ ಅಂಗಳದಾಚೆಯ ಇಳಿಜಾರನ್ನೇ ನೋಡುತ್ತ ನಿಂತಳು. ಗಾಡಿಯನ್ನು ಅಲ್ಲಿಗೆ ತಳ್ಳಿ ಚಕ್ರಕ್ಕೆ ಕಲ್ಲು ಕೊಟ್ಟೆವು. ನಿನ್ನ ಪಕ್ಕ ಕೂತು ನೋಡಿಯೇ ಓಡಿಸಲು ಕಲಿತಿದ್ದ ಅತ್ತೆ ಗೇರಿಗೆ ಹಾಕಿ, ಕ್ಲಚ್ ತುಳಿದು ಕೂತಳು. ಕಲ್ಲು ತೆಗೆದೆ. ಉರುಳಿತು. ಕ್ಲಚ್ ಬಿಟ್ಟಳು. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ನಮ್ಮ ಕಡೆ ಇಳಿಜಾರಿಗೇನು ಬರವಾ? ಇಷ್ಟು ಯಾಕೆ ನಮಗೆ ಹೊಳೆಯಲಿಲ್ಲ?

ಈಗ ಅತ್ತೆ ದಿನಾ ಹಾಲಿನ ಕ್ಯಾನು ಹೇರಿಕೊಂಡು ಮೇಗರವಳ್ಳಿಗೆ ಇಳಿಯುತ್ತಾಳೆ. ಸಪಾಟು ಜಾಗದಲ್ಲಿ ಎಂಜಿನ್ ಆರಿಸುವುದೇ ಇಲ್ಲ. ಹ್ಯಾಂಡಲ್ ಹೊಡೆದು ಕೊಡಲಾ ಅಂತ ಅಂಗಡಿ ಮುಂದಿನ ಗಂಡಸರು ನಗುತ್ತಾರೆ. "ನಿಮ್ ಕೈ ನೋಯೋದು ಬೇಡ" ಅಂತಾಳೆ.

ನಿನಗೆ ಗೊತ್ತಿಲ್ಲದ ಇನ್ನೊಂದು ಸುದ್ದಿ. ಸಾಗರದ ಕಡೆ, ಹಿನ್ನೀರಿನ ದಡದ ಊರವರು ಇಂಥದ್ದೇ ಗಾಡಿ ಕೇಳಿದ್ದಾರೆ. ಅಲ್ಲಿ ನೆಲ ಸಪಾಟು, ಉರುಳಿಸಲಾಗದು. ಉದ್ದನೆಯ, ಹಗುರಾಗಿ ತಿರುಗುವ ಹ್ಯಾಂಡಲ್ ಮಾಡುತ್ತಿದ್ದೇನೆ. ಇನ್ನೂ ಬೆಸುಗೆ ಹಾಕಿಲ್ಲ. ಅತ್ತೆ ಬಂದು ತಿರುಗಿಸಿ ಹೂಂ ಅನ್ನುವವರೆಗೆ ಹಾಕುವುದೂ ಇಲ್ಲ.