ಮೂವರ ಮನೆ

ಜೂನ್ 11, ಬುಧವಾರ

ರೈಲ್ವೆ ಸ್ಟೇಷನ್ ಡ್ಯೂಟಿ ಮುಗಿಸಿ ಬಂದೆ. ವಾಡಿಯಲ್ಲಿ ಇನ್ನೂ ಮಳೆ ಇಲ್ಲ, ಬರೀ ಸಿಮೆಂಟಿನ ಧೂಳು. ಬರುವುದು ತ್ರಿತ್ವದ ಭಾನುವಾರ. ತಂದೆ, ಮಗ, ಪವಿತ್ರಾತ್ಮ — ಮೂವರೂ ಒಬ್ಬನೇ ದೇವರು ಎಂದು ನೆನೆಯುವ ದಿನ. ಚರ್ಚಿನಲ್ಲಿ ಉಪದೇಶದ ಪ್ರಸಂಗ ನಾನೇ ಮಾಡಬೇಕಂತೆ. ಸಂತೋಷಕುಮಾರ ಪಾಸ್ಟರ್ ಫೋನಿನಲ್ಲಿ, "ಇಸಾಕ, ಸರಳ ಹೇಳ್ರಿ. ಮಂದಿಗಿ ತಿಳೀಬೇಕು" ಅಂದರು.

ಹೇಗೆ ಸರಳ ಮಾಡುವುದು? ಕೊನೆಗೆ 'ಮನೆ' ಅಂತ ಬರೆದುಕೊಂಡೆ. ಲೋಕ ಹುಟ್ಟುವ ಮುಂಚೆಯೂ ದೇವರು ಒಂಟಿ ಇರಲಿಲ್ಲ. ಒಂದು ಮನೆ ಇತ್ತು. ಒಬ್ಬರಿಗೊಬ್ಬರು ಇದ್ದರು.

ಕೃಪಾ ತೊಡೆಯ ಮೇಲೆ ಬಂದು ಕೂತಳು. ಆರು ವರ್ಷದ ಮಗಳು, ಪ್ರಶ್ನೆ ಮಾತ್ರ ದೊಡ್ಡವು.

"ಪಪ್ಪಾ, ಮೂವರೂ ಒಂದೇ ತಾಟಿನ್ಯಾಗ ಉಣ್ತಾರೇನು?"

"ಹೂಂ."

"ಹಂಗಾದ್ರ ಜಗಳ ಬರ್ತದ, ನೋಡು."

ಹೆಂಡತಿ ಭಾಗ್ಯ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ನಗುತ್ತ ಕೈ ನಿಲ್ಲಿಸಿದಳು.

ಜೂನ್ 15, ಭಾನುವಾರ

ಪ್ರಸಂಗ ಚೆನ್ನಾಗಿ ಆಯಿತು. ತಾಟಿನ ಮಾತು ಹೇಳಿದಾಗ ಎಲ್ಲರೂ ನಕ್ಕರು. ಭಾಗ್ಯ ಮಾತ್ರ ಕಣ್ಣು ಒರೆಸಿಕೊಂಡಳು. ಅವಳು ಆಡಕಿ ಊರಿನ ಲಿಂಗಾಯತರ ಮಗಳು. ನನ್ನನ್ನು ಮದುವೆಯಾದಾಗ ಅವಳಪ್ಪ ಅಂಬಾರಾಯರು, ಮಗಳು ಸತ್ತಳು ಎಂದು ಊರಿಗೆಲ್ಲ ಹೇಳಿಬಿಟ್ಟರು. ಆಗ ಅವಳಿಗೆ ನಾನು ಹೇಳಿದ್ದು: ನಿನಗೆ ಇನ್ನೊಬ್ಬ ತಂದೆ ಇದ್ದಾನೆ, ಅವನ ಮನೆಯಿಂದ ಯಾರನ್ನೂ ಹೊರಗೆ ಹಾಕುವುದಿಲ್ಲ. ನಂಬಿ ಬಂದಳು.

ಸಂಜೆ ಕೃಪಾಳ ಮೈ ಬಿಸಿ. ಸಿರಪ್ ಕೊಟ್ಟೆವು.

ಜೂನ್ 17

ಕಲಬುರಗಿ ಆಸ್ಪತ್ರೆ. ಡೆಂಗೀ. ಪ್ಲೇಟ್‌ಲೆಟ್ ಇಳಿಯುತ್ತಲೇ ಇದೆ. ಭಾಗ್ಯ ಕೃಪಾಳ ಮಂಚದ ಪಕ್ಕ ಬಿಟ್ಟು ಏಳುತ್ತಿಲ್ಲ. ಕರ್ತನೇ...

ಜುಲೈ 6, ಭಾನುವಾರ

ಕೃಪಾಳನ್ನು ಮಣ್ಣು ಮಾಡಿ ಎರಡು ವಾರ ಆಯಿತು. ಇಲ್ಲಿ ಬರೆಯಲು ಕೈ ಬಂದಿರಲಿಲ್ಲ.

ಇವತ್ತು ಪಾಸ್ಟರ್ ಮನೆಗೆ ಬಂದರು. ಚರ್ಚಿನ ಸಭೆಯ ನಾಲ್ಕು ಮಂದಿ ಕೂಡ ಬಂದರು. ಹಾಡು ಆಯಿತು. ಪಾಸ್ಟರ್ ಮೆತ್ತಗೆ, "ಭಾಗ್ಯಮ್ಮ, ದೇವರಿಗೆ ನಿಮ್ಮ ಸಂಕಟ ಗೊತ್ತದ. ಅಂವಾ ಸುದ್ದಾ ತನ್ನ ಒಬ್ಬನೇ ಮಗನ್ನ ಸಾಯಲಿಕ್ಕ ಕೊಟ್ಟಾನ" ಅಂದರು.

ಭಾಗ್ಯ ತಲೆ ಎತ್ತಿದಳು. ಅಷ್ಟು ದಿನದಲ್ಲಿ ಮೊದಲ ಮಾತು.

"ಅವನ ಮಗ ಮೂರನೇ ದಿನಕ್ಕ ಎದ್ದು ಬಂದನಲ್ರಿ. ನನ್ನ ಕೂಸು ಯಾವಾಗ ಬರ್ತದ?"

ಪಾಸ್ಟರ್ ಬೈಬಲ್ ಮುಚ್ಚಿದರು. ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು ಅತ್ತರು. ಅದಕ್ಕೇ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಜುಲೈ 9

ಅಂಬಾರಾಯರು ಬಂದರು. ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಬಾಗಿಲಲ್ಲೇ ನಿಂತರು, ಒಳಗೆ ಬರಲು ಕಾಲು ಬರಲಿಲ್ಲ.

"ನನಗ್ಯಾಕ ಹೇಳಿಲ್ಲವ್ವ?"

"ಸತ್ತಾಕಿ ಹೆಂಗ ಹೇಳ್ಬೇಕಪ್ಪ?" ಅಂದಳು ಭಾಗ್ಯ.

ಮುದುಕರು ಹೊಸ್ತಿಲ ಮೇಲೆ ಕುಸಿದರು. ಮೊಮ್ಮಗಳನ್ನು ಒಮ್ಮೆಯೂ ನೋಡಿದವರಲ್ಲ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಬೆರಳಿನಿಂದ ಮುಖ ಸವರಲು ಹೋದರು, ಫೋಟೋ ಸರಿದು ಬೇರೆ ಯಾವುದೋ ಬಂತು. "ಎಲ್ಲಿ ಹೋದಳು? ಎಲ್ಲಿ ಹೋದಳು?" ಎಂದು ಗಾಬರಿಯಾದರು. ಭಾಗ್ಯ ಓಡಿ ಬಂದು ಅಪ್ಪನ ತಲೆಯನ್ನು ಎದೆಗೆ ಒತ್ತಿಕೊಂಡಳು.

ಜುಲೈ 10

ಭಾಗ್ಯ ಅಪ್ಪನ ಜೊತೆ ಹೊರಟಳು. ಬ್ಯಾಗು ನಾನೇ ಎತ್ತಿಕೊಂಡೆ. ಬಸ್ಸಿನ ಹತ್ತಿರ ಕೇಳಿದೆ, "ನನ್ನ ಮ್ಯಾಲ ಸಿಟ್ಟೇನು?"

"ಇಲ್ರಿ. ನೀವು ಹೇಳಿದ ಮನ್ಯಾಗ ಮೂವರು ಅದಾರ. ಎಂದೂ ಕಮ್ಮಿ ಆಗಲ್ಲ. ನಮ್ಮ ಮನ್ಯಾಗೂ ಮೂವರೇ ಇದ್ದೆವು..."

ಬಸ್ಸು ಹೋಯಿತು.

ಜುಲೈ 20, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಮಧ್ಯಾಹ್ನ ಫೋನು ಮಾಡಿದಳು. "ಊಟ ಆತೇನ್ರಿ?" ಆಯಿತು ಅಂದೆ, ಸುಳ್ಳು. ಅಪ್ಪ ಭಾಳ ನೋಡಿಕೊಳ್ಳುತ್ತಾರಂತೆ.

"ಯಾವಾಗ ಬರ್ತಿ?"

"ಅಲ್ಲಿ ನನಗ ಮಮ್ಮಿ ಅನ್ನೋರು ಯಾರದಾರ್ರಿ?"

ಫೋನು ಇಟ್ಟ ಮೇಲೆ ಮೊಣಕಾಲೂರಿದೆ. ತಂದೆಯೇ, ಅಂದೆ. ನೀನು ನಿಜವಾಗಿ ತಂದೆಯಾದರೆ, ಮಗ ಶುಕ್ರವಾರ ಶಿಲುಬೆಯಲ್ಲಿ ಸತ್ತು ಭಾನುವಾರ ಏಳುವವರೆಗಿನ ಎರಡು ದಿನ ನಿನ್ನ ಮನೆಯಲ್ಲಿ ಹೇಗಿತ್ತು? ಅದೊಂದು ಹೇಳು. ಮಗ ಮಣ್ಣಲ್ಲಿದ್ದ ಆ ಶನಿವಾರ, ನೀನು —