ನೀವು ಯಾವಾಗ ಹೋಗ್ತೀರಿ

ಆಗಸ್ಟ್ 20, ಮಂಗಳವಾರ

ಹಡಪಸರದ ಬಾಲವಾಡಿಯಲ್ಲಿ ಇವತ್ತೂ ಪ್ರಾಕ್ಟೀಸ್ ಪಾಠ. ನಮ್ಮ ಕಾಲೇಜಿನ ಶಿಶುಶಿಕ್ಷಣ ಡಿಪ್ಲೊಮಾ ಹುಡುಗಿಯರು ಸರದಿ ಮೇಲೆ ಬಂದು ಒಂದೊಂದು ಪಾಠ ಮಾಡುವುದು, ನಾನು ಹಿಂದೆ ಕುರ್ಚಿ ಹಾಕಿಕೊಂಡು ಮಾರ್ಕ್ಸ್ ಹಾಕುವುದು. ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿಯಿತು.

ಆರತಿಯ ಪಾಠ ಪೂರ್ತಿ ಕೆಟ್ಟಿತು. ಚಿತ್ರ ಎತ್ತಿ ತೋರಿಸಿದ್ದೇ ತಡ, ಮಕ್ಕಳೆಲ್ಲ ಎದ್ದು ದಿಕ್ಕಾಪಾಲು. ಇವಳು ಚಿತ್ರ ಹಿಡಿದುಕೊಂಡು ನಿಂತೇ ಇದ್ದಳು. ಕೆಂಪು ಪೆನ್ನಿನಲ್ಲಿ ಬರೆದೆ — ಕ್ಲಾಸ್ ಕಂಟ್ರೋಲ್ ಇಲ್ಲ. ಈ ವಯಸ್ಸಿನ ಮಕ್ಕಳಿಗೆ ತಕ್ಕವಳಲ್ಲ. ಖಾರ ಆಯಿತೇನೋ. ಆದರೆ ಇದ್ದದ್ದನ್ನು ಬರೆಯಬೇಕಲ್ಲ.

ಆಗಸ್ಟ್ 22, ಗುರುವಾರ

ಸ್ಟಾಫ್ ರೂಮಿನ ಬಾಗಿಲಲ್ಲಿ ಆರತಿ. ಯಾದಗಿರಿ ಕಡೆಯವರು, ಅಪ್ಪ ಕಾಶಪ್ಪ ಇಲ್ಲಿ ಕಟ್ಟಡ ಕೆಲಸಕ್ಕೆ ಬಂದವನು. ಎಲ್ಲರ ಮುಂದೆ ಮರಾಠಿ, ನಾವಿಬ್ಬರೇ ಇದ್ದರೆ ಕನ್ನಡ.

"ಮೇಡಂ, ನಾ ಕೋರ್ಸ್ ಬಿಡ್ತೀನ್ರಿ. ಅಪ್ಪ ಬಾರಾಮತಿಗೆ ಹೊಂಟಾನ. ಅಲ್ಲಿ ಡೇರಿಯೊಳಗ ನನಗ ಪ್ಯಾಕಿಂಗ್ ಕೆಲಸ ಸಿಗತದಂತ."

ಒಂದು ಪಾಠ ಕೆಟ್ಟರೆ ಕೋರ್ಸ್ ಬಿಡತಾರೇನು ಅಂದೆ.

"ತಕ್ಕವಳಲ್ಲ ಅಂತ ನೀವೇ ಬರದೀರಲ್ರಿ."

ಆಮೇಲೆ ಅವಳೇ ಹೇಳಿದಳು, "ಹೋಗೋ ಮೊದಲ ಒಂದ್ಸಲ ನೀವು ಪಾಠ ಮಾಡಿ ತೋರಸ್ರಿ. ಆಗತದ ಅಂತ ಕಣ್ಣಿಲೆ ನೋಡಿದ್ರ ಉಳೀತೀನಿ."

ಸೊಕ್ಕಿನಿಂದ ಕೇಳಲಿಲ್ಲ. ನಿಜವಾಗಿ ನೋಡಬೇಕಾಗಿತ್ತು ಅವಳಿಗೆ. ಬರುವ ಬುಧವಾರ ಎಂದು ಒಪ್ಪಿಕೊಂಡುಬಿಟ್ಟೆ. ಚಿಕ್ಕ ಮಕ್ಕಳಿಗೆ ಕೊನೆಯ ಸಲ ಪಾಠ ಮಾಡಿದ್ದು... ಮದುವೆಗೆ ಮೊದಲು, ಧಾರವಾಡದಲ್ಲಿ. ಆಮೇಲೆ ಎಲ್ಲ ಪಿಪಿಟಿ.

ಆಗಸ್ಟ್ 27, ಮಂಗಳವಾರ

ಹೊರಗೆ ಕೃಷ್ಣಾಷ್ಟಮಿಯ ದಹಿಹಂಡಿ, ಡಿಜೆ. ಒಳಗೆ ನಾನು, ಕತ್ತರಿ, ಅಂಟು. ಪಾಠ — ದೊಡ್ಡದು, ಸಣ್ಣದು. ಎರಡು ಡಬ್ಬಿ, ಎರಡು ಚೆಂಡು, ಅಡುಗೆಮನೆಯಿಂದ ಒಂದು ಸೌಟು, ಒಂದು ಚಮಚ. ಕಾಗದದ ಚೀಲದಿಂದ ಗುಬ್ಬಿ ಗೊಂಬೆ. ಲೆಸನ್ ಪ್ಲಾನ್ ಬರೆದೆ, ಹರಿದೆ, ಮತ್ತೆ ಬರೆದೆ.

ಇವರು ಆಫೀಸಿನಿಂದ ಬಂದವರು ಬಾಗಿಲಲ್ಲೇ ನಿಂತು ನೋಡಿದರು. "ಪಿಎಚ್‌ಡಿ ವೈವಾಕ್ಕೂ ನೀ ಇಷ್ಟ ಹೆದರಿದ್ದಿಲ್ಲ ಬಿಡು."

ಖರೇನೇ ಇತ್ತು.

ಆಗಸ್ಟ್ 28, ಬುಧವಾರ, ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಹುಡುಗಿಯರೆಲ್ಲ ಗೋಡೆಗುಂಟ ಕೂತಿದ್ದರು. ನಾನು ಗೊಂಬೆ ಕೈಗೆ ತೊಡುವಷ್ಟರಲ್ಲಿ ಒಬ್ಬ ಸೌಟು ತೆಗೆದುಕೊಂಡು ಡಬ್ಬಿ ಬಾರಿಸತೊಡಗಿದ. ಇನ್ನೊಬ್ಬನಿಗೂ ಅದೇ ಸೌಟು ಬೇಕು, ಚಮಚ ಬೇಡ. ಗುಬ್ಬಿಯನ್ನು ನೋಡಿ ಒಂದು ಮಗು ಹೆದರಿ ಅತ್ತಿತು. ಯಾವುದೋ ಮಗು ಉಚ್ಚೆ ಹೊಯ್ದಿತು. ಗಡಿಯಾರ ನೋಡಿದೆ. ಮತ್ತೆ ನೋಡಿದೆ. ಆಮೇಲೆ ಚೀರಿದೆ — "ಗಪ್ಪ ಬಸಾ."

ಬಾಯಿ ಮುಚ್ಚಿ ಕೂಡಿ ಎಂದು ಮಕ್ಕಳಿಗೆ ಎಂದೂ ಹೇಳಬಾರದು — ಪ್ರತಿ ವರ್ಷ ಮೊದಲ ವಾರವೇ ಬೋರ್ಡಿನ ಮೇಲೆ ಇದನ್ನು ಬರೆಯುವವಳು ನಾನು.

ಎಲ್ಲ ಗಪ್ಪಾದವು. ಮುಂದೆ ಕೂತಿದ್ದ ಭಾಮಾ — ನಾಲ್ಕು ವರ್ಷದ್ದು, ಅಜ್ಜಿಯ ಹೆಸರಂತೆ — ನನ್ನನ್ನೇ ನೋಡುತ್ತ ಕೇಳಿದಳು: "ಬಾಯಿ, ತುಮ್ಹೀ ಕಧೀ ಜಾಣಾರ?"

ಟೀಚರ್, ನೀವು ಯಾವಾಗ ಹೋಗ್ತೀರಿ.

ಹುಡುಗಿಯರು ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಆರತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಡಬ್ಬಿ, ಚೆಂಡು ಅಲ್ಲೇ ಬಿಟ್ಟು ಬಂದೆ. ಆಗುತ್ತದೆ ಎಂದು ತೋರಿಸಲು ಹೋಗಿ, ಆಗುವುದಿಲ್ಲ ಎಂದು ತೋರಿಸಿ ಬಂದ ಹಾಗಾಯಿತು. ಬಹಳ ನಾಚಿಕೆಯಾಗಿದೆ.

ಸೆಪ್ಟೆಂಬರ್ 5

ಶಿಕ್ಷಕರ ದಿನ. ಗುಲಾಬಿ ಕೊಟ್ಟರು. ಇಸಿದುಕೊಂಡೆ.

ಆರತಿ ಅವತ್ತಿನಿಂದ ಕಾಲೇಜಿಗೆ ಬಂದಿಲ್ಲ. ಫೋನ್ ಸ್ವಿಚ್ ಆಫ್. ಈ ಸಲದ ಪ್ರಾಕ್ಟೀಸ್ ಪಾಠ ಮುಗಿದಿದ್ದರಿಂದ ನಾನೂ ಬಾಲವಾಡಿ ಕಡೆ ಹೋಗಿಲ್ಲ. ಬಾರಾಮತಿಗೆ ಹೋಗಿರಬೇಕು. ನನ್ನಿಂದಲೇ ಹೋದಳು.

ಸೆಪ್ಟೆಂಬರ್ 19, ಗುರುವಾರ

ಗಣಪತಿ ಹೋದ. ರಸ್ತೆಯ ಮೇಲೆ ಇನ್ನೂ ಗುಲಾಲು. ಕಾಲೇಜಿಗೆ ಹೊರಟವಳು ಬಾಲವಾಡಿಯ ಹತ್ತಿರ ರಿಕ್ಷಾ ಇಳಿದೆ. ಡಬ್ಬಿ ವಾಪಸ್ ತರಬೇಕು ಎಂದು ನೆಪ.

ಒಳಗೆ ಆರತಿ. ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಳೆ. ನನ್ನ ಡಬ್ಬಿಗಳಲ್ಲಿ ಮಕ್ಕಳು ನೀರು ತುಂಬುತ್ತಿವೆ, ಸುರಿಯುತ್ತಿವೆ. ಸಣ್ಣದರ ನೀರು ದೊಡ್ಡದಕ್ಕೆ, ದೊಡ್ಡದರ ನೀರು ಸಣ್ಣದಕ್ಕೆ, ಮಿಕ್ಕಿದ್ದು ಅವಳ ಸೀರೆಗೆ. ರಜೆ ಬಿಟ್ಟು ಉಳಿದೆಲ್ಲ ದಿನ ಇಲ್ಲಿಗೇ ಬಂದಿದ್ದಾಳಂತೆ.

"ಕಾಲೇಜಿಗೆ ಯಾಕ ಬರಲಿಲ್ಲ?"

"ನಿಮ್ಮ ಮುಂದ ಏನಂತ ನಿಲ್ಲಬೇಕು ತಿಳೀಲಿಲ್ರಿ." ನೀರು ಒರೆಸುತ್ತಲೇ ಮುಂದುವರಿಸಿದಳು. "ನನಗಷ್ಟೇ ಆಗಂಗಿಲ್ಲ ಅನಕೊಂಡಿದ್ದೆ. ನಿಮಗೂ ಆಗಲಿಲ್ಲ. ಅವತ್ತ ಭಾಳ ಚೊಲೋ ನಿದ್ದಿ ಬಂತ್ರಿ."

ನಗು ಬಂತು. ಕಣ್ಣಲ್ಲಿ ನೀರೂ ಬಂತು.

"ಬಾರಾಮತಿ?"

"ಅಪ್ಪ ಹೋದ. ಪರೀಕ್ಷಾ ಆಗೋಮಟ ನಾ ಬರಂಗಿಲ್ಲ ಅಂದೀನ್ರಿ."

ಭಾಮಾ ಅವತ್ತು ಕೇಳಿದ್ದು ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು, ಅದನ್ನೂ ಹೇಳಿಕೊಂಡೆ.

"ಅಕಿ ಎಲ್ಲಾರಿಗೂ ಕೇಳತಾಳ್ರಿ ಮೇಡಂ. ನಾವು ದಿನಾ ಒಬ್ಬೊಬ್ಬರು ಬಂದು, ಒಂದ ಪಾಠ ಮಾಡಿ ಹೋಗಿಬಿಡತೀವಲ್ಲ. ಯಾರು ಎಷ್ಟೊತ್ತು ಇರತಾರ ಅಂತ ಅಕಿಗೆ ತಿಳೀಬೇಕಲ್ರಿ."

ಇಷ್ಟು ವರ್ಷ ಆ ಸರದಿಯ ಟೈಮ್‌ಟೇಬಲ್ ಹಾಕಿದ್ದು ನಾನೇ. ಮಕ್ಕಳ ಕಡೆಯಿಂದ ಒಮ್ಮೆಯೂ ನೋಡಿರಲಿಲ್ಲ.

ಮಧ್ಯಾಹ್ನ ಕಾಲೇಜಿಗೆ ಹೋಗಿ ಆರತಿಯ ಶೀಟಿನಲ್ಲಿ "ತಕ್ಕವಳಲ್ಲ" ಎಂಬುದನ್ನು ಹೊಡೆದುಹಾಕಿದೆ. ಪ್ರಿನ್ಸಿಪಾಲರಿಗೆ ಹೇಳಬೇಕು — ಒಬ್ಬ ಹುಡುಗಿಗೆ ಒಂದೇ ಬಾಲವಾಡಿ, ತಿಂಗಳುಗಟ್ಟಲೆ. ಒಪ್ಪುವುದು ಕಷ್ಟ. ಹೇಳುತ್ತೇನೆ.

ಸೆಪ್ಟೆಂಬರ್ 20, ಶುಕ್ರವಾರ, ಬಾಲವಾಡಿ

ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬ್ಯಾಗಿನಲ್ಲಿ ಕೆಂಪು ಪೆನ್ನೊಂದೇ ಇತ್ತು. ಆರತಿ ಕಥೆ ಹೇಳುತ್ತಿದ್ದಾಳೆ. ಅರ್ಧ ಮಕ್ಕಳು ಕೇಳುತ್ತಿವೆ, ಅರ್ಧ ಇಲ್ಲ. ಅವಳು ನಿಲ್ಲಿಸಿಲ್ಲ.

ಭಾಮಾ ಬಂದು ನನ್ನ ತೊಡೆಗೆ ಒರಗಿದಳು. ಮತ್ತೆ ಅದೇ ಪ್ರಶ್ನೆ. ಊಟ ಆದ ಮೇಲೆ ಹೋಗುತ್ತೇನೆ, ಸೋಮವಾರ ಮತ್ತೆ ಬರುತ್ತೇನೆ ಅಂದೆ. ನನ್ನನ್ನೇ ದಿಟ್ಟಿಸಿದಳು. ನಂಬಲಿಲ್ಲ. ಹಾಗಾದರೆ ಪೆನ್ನು ಇಲ್ಲೇ ಇಟ್ಟು ಹೋಗು ಅನ್ನುತ್ತಾಳೆ. ಇದೊಂದು ಸಾಲು ಬರೆದು ಕೊಡುತ್ತೇನೆ ತಡಿ ಅಂದರೂ ಕೇಳವಲ್ಲಳು, ಕೈ ಹಿಡಿದು ಎಳೆ